ಹೆಸರಿಲ್ಲದ ಗುಡ್ಡಗಳು

ಕಾರವಾರದಿಂದ ನೈಋತ್ಯಕ್ಕೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆ, ನೀರಿನಡಿಯಲ್ಲಿ ಕಾರ್ಲ್ಸ್‌ಬರ್ಗ್ ಏಣು ಹಾದುಹೋಗಿದೆ. ಡೆನ್ಮಾರ್ಕಿನ ಡಾನಾ ಸಮುದ್ರಯಾನ (1928–30) ಗುರುತಿಸಿದ ಬೆಟ್ಟಸಾಲು ಅದು. ಯಾನಕ್ಕೆ ಹಣ ಕೊಟ್ಟದ್ದು ಬಿಯರ್ ಕಂಪನಿಯೊಂದರ ಪ್ರತಿಷ್ಠಾನ. ಅದರ ಹೆಸರೇ ಬೆಟ್ಟಕ್ಕೂ ಬಂತು! ಏಣಿನ ಎರಡೂ ಮಗ್ಗುಲಿಗೆ ಸಾಲುಸಾಲಾಗಿ ಹಬ್ಬಿರುವ ಗುಡ್ಡಗಳಲ್ಲಿ ಹೆಚ್ಚಿನವಕ್ಕೆ ಆ ಭಾಗ್ಯವೂ ಇಲ್ಲ. ಭೂಮಿಯ ಮೇಲೆ ಅತಿ ಹೆಚ್ಚು ಜಾಗ ಹಿಡಿದಿರುವ ಭೂರೂಪವೆಂದರೆ ಸಹ್ಯಾದ್ರಿಯಂಥ ಬೆಟ್ಟವಲ್ಲ, ಮರಳುಗಾಡೂ ಅಲ್ಲ. ಯಾರ ಕಣ್ಣಿಗೂ ಬೀಳದ ಈ ಕಡಲಡಿಯ ಗುಡ್ಡಗಳೇ.

ಇಲ್ಲಿ ಭೂಫಲಕಗಳು ವರ್ಷಕ್ಕೆ 2–3 ಸೆಂಟಿಮೀಟರ್ ಮಾತ್ರ ದೂರ ಸರಿಯುತ್ತವೆ. ಕೆಳಗಿನಿಂದ ಬರುವ ಶಿಲಾಪಾಕ ಹಾಗೆ ತೆರೆದ ಬಿರುಕನ್ನು ತುಂಬಲು ಸಾಲದು. ಹದ ಸಾಲದ ಹಿಟ್ಟಿನಲ್ಲಿ ತಟ್ಟಿದ ಜೋಳದ ರೊಟ್ಟಿ ಬಿರಿಯುವಂತೆ, ತಣಿದು ಗಡುಸಾದ ತಳ ಸೀಳುತ್ತದೆ. ಸೀಳಿದ ತುಂಡು ವಾಲುತ್ತದೆ. ಏಣಿನ ನಡುವಿನ ಕಣಿವೆಯ ಕಡೆಗೆ ಕಡಿದಾದ ಗೋಡೆ, ಆಚೆಗೆ ನಿಧಾನದ ಇಳಿಜಾರು. ಆ ಗುಡ್ಡ ದೂರ ಸರಿದ ಮೇಲೆ ಕಣಿವೆಯ ಹತ್ತಿರ ಹೊಸ ಸೀಳು ಹುಟ್ಟುತ್ತದೆ.

ನನ್ನನ್ನು ಬೆರಗಾಗಿಸುವುದು ಇಲ್ಲಿನ ಕೊರತೆಯ ಲೆಕ್ಕ. ಶಿಲಾಪಾಕ ಧಾರಾಳವಾಗಿ ಉಕ್ಕುವ, ಬೇಗ ಬೇಗ ಹರಡುವ ಪೂರ್ವ ಶಾಂತಸಾಗರದ ಏಣಿನಲ್ಲಿ ಗುಡ್ಡಗಳು ಸಾಮಾನ್ಯವಾಗಿ ನೂರು ಮೀಟರಿನೊಳಗೇ ಉಳಿಯುತ್ತವೆ. ಬಡ ಏಣುಗಳಲ್ಲಿ ಹಲವು ನೂರು ಮೀಟರ್ ಏಳುತ್ತವೆ. ಒಂದೇ ಏಣಿನಲ್ಲೂ ಹಾಗೆಯೇ: ಅದರ ಒಂದೊಂದು ಖಂಡದ ನಡುಭಾಗದಲ್ಲಿ, ಬಿಸಿ ಹೆಚ್ಚಿರುವಲ್ಲಿ, ಕುಳ್ಳ ಗುಡ್ಡಗಳು ಒತ್ತೊತ್ತಾಗಿ, ತಣ್ಣನೆಯ ತುದಿಗಳಲ್ಲಿ ಎತ್ತರದವು, ದೂರ ದೂರ. ಕೊರತೆ ಇನ್ನೂ ಹೆಚ್ಚಿದರೆ ಒಂದೇ ಸೀಳು ಹತ್ತಾರು ಲಕ್ಷ ವರ್ಷ ಜಾರುತ್ತಲೇ ಇದ್ದು ಆಳದ ಮ್ಯಾಂಟಲ್ ಶಿಲೆಯನ್ನೇ ಮೇಲಕ್ಕೆ ಎಳೆದು ತರುತ್ತದೆ. ಅಟ್ಲಾಂಟಿಕ್‌ನ ಅಟ್ಲಾಂಟಿಸ್ ಮಾಸಿಫ್ ಹುಟ್ಟಿದ್ದು ಹಾಗೆ. ಅದರ ನೆತ್ತಿಯ ಮೇಲೆ 2000ದಲ್ಲಿ ಬಿಸಿನೀರು ಚಿಮ್ಮುವ, ಬೆಳ್ಳಗಿನ ಸುಣ್ಣಗೋಪುರಗಳ ‘ಲಾಸ್ಟ್ ಸಿಟಿ’ ಸಿಕ್ಕಿತು.

ಕಾರ್ಲ್ಸ್‌ಬರ್ಗಿನದೇ ಇನ್ನೊಂದು ಮಾತು. 1962ರಲ್ಲಿ ಭೂವಿಜ್ಞಾನಿ ಡ್ರಮಂಡ್ ಮ್ಯಾಥ್ಯೂಸ್ ಇಲ್ಲಿಂದ ಅಳೆದು ಒಯ್ದ ಕಾಂತೀಯ ಅಂಕಿಗಳನ್ನು ಮುಂದಿಟ್ಟುಕೊಂಡೇ ಫ್ರೆಡ್ ವೈನ್ ಮತ್ತು ಅವರು ಮರುವರ್ಷ ಕಡಲತಳ ಹರಡುವುದಕ್ಕೆ ಪುರಾವೆ ಕಟ್ಟಿದರು. ಅಂಥ ಅಂಕಿಗಳಲ್ಲಿ ಕಾಣುವ ಕಡಲತಳದ ಕಾಂತೀಯ ಪಟ್ಟೆಗಳಿಂದ ಗುಡ್ಡಗಳ ವಯಸ್ಸನ್ನೂ ಎಣಿಸಬಹುದು: ಏಣಿನ ಬಳಿಯವು ಎಳೆಯವು, ಬೋಳು, ದೂರ ಹೋದಷ್ಟೂ ಹಳೆಯವು. ಉತ್ತರದ ಅರಬ್ಬೀ ಸಮುದ್ರದಲ್ಲಂತೂ ಎಷ್ಟೋ ಗುಡ್ಡಸಾಲುಗಳು ಸಿಂಧೂ ನದಿ ಹಿಮಾಲಯದಿಂದ ತಂದು ಸುರಿದ ಹೂಳಿನಡಿ ಹೂತುಹೋಗಿವೆ.