ಹಿಡಿಯದೆ ಗೆದ್ದ ಕುಸ್ತಿ

ಕುಸ್ತಿಯಲ್ಲಿ ಸೋಲೆಂದರೇನು ಎಂದು ಯಾರನ್ನು ಕೇಳಿದರೂ ಹೇಳಿಯಾರು: ಬೆನ್ನು ನೆಲಕ್ಕೆ ತಾಗುವುದು. ಆದರೆ ಬೆನ್ನು ನೆಲಕ್ಕೆ ತಾಗದೆಯೂ ಸೋಲುವುದುಂಟು. ಹೆಸರು ಕೂಗಿದಾಗ ಹಾಜರಾಗದವನು ಸೋತ. ನಡುವೆ ಪೆಟ್ಟುಬಿದ್ದು ಮುಂದುವರಿಯಲಾರದವನೂ ಸೋತ. ಇಂದಿನ ಅಂತರರಾಷ್ಟ್ರೀಯ ನಿಯಮದಂತೆ, ಎದುರಾಳಿಯನ್ನು ಚಿತ್ ಮಾಡಿದವನಿಗೂ ಎದುರಾಳಿ ಬಾರದೆ ಗೆದ್ದವನಿಗೂ ದೊರೆಯುವ ಅಂಕ ಒಂದೇ, 5. ಇದು ನ್ಯಾಯವೆ?

ಜಾತ್ರೆಯ ಅಖಾಡದಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳದು. ಬಂದವರಲ್ಲಿಯೇ ಜೋಡಿ ಕಟ್ಟುತ್ತಾರೆ. ಒಬ್ಬ ಬಾರದಿದ್ದರೆ ಇನ್ನೊಬ್ಬ. ಶಾಲೆಗಳ ಪಂದ್ಯದ ಮಾತು ಬೇರೆ. ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ವಿಭಾಗಕ್ಕೆ, ಅಲ್ಲಿಂದ ರಾಜ್ಯಕ್ಕೆ ಏಣಿ ಹಾಕಿದಂತೆ ಅದು. ಪ್ರತಿ ಮೆಟ್ಟಿಲಿಗೂ ಒಬ್ಬನ ಹೆಸರು ಬೇಕು. ಬಾರದವನಿಗಾಗಿ ಕಾಯುತ್ತ ಕುಳಿತರೆ ಬಂದವನಿಗೆ ಅನ್ಯಾಯ. ಹೊಸನಗರದ ಹಳ್ಳಿಯ ಹುಡುಗ ಹೆದರಿ ಮನೆಯಲ್ಲುಳಿದನೋ, ಸುರಿಮಳೆಯಲ್ಲಿ ಬಸ್ಸು ಸಿಗದೆ ಶಿವಮೊಗ್ಗ ಮುಟ್ಟಲಾರದೆ ಹೋದನೋ ಎಂದು ವಿಚಾರಿಸುತ್ತ ಕೂರಲು ತೀರ್ಪುಗಾರನಿಗೆ ವೇಳೆಯಿಲ್ಲ. ನಿಯಮ ಇಲ್ಲಿ ಕುರುಡಾಗಿರಲೇಬೇಕು.

ಆದರೆ ಆ ನಿಯಮ ಹೇಳುವುದು ಯಾರು ಮುಂದೆ ಹೋಗಬೇಕೆಂಬುದನ್ನು ಮಾತ್ರ. ಯಾರು ಹೆಚ್ಚು ಬಲಶಾಲಿ ಎಂಬುದನ್ನೂ ಅದೇ ಹೇಳಿತೆಂದು ನಾವು ತಿಳಿದಾಗ ತಪ್ಪು ಶುರುವಾಗುತ್ತದೆ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ರಷ್ಯಾದ ಪರವಾಗಿ ಇಳಿದಿದ್ದ ಎಸ್ಟೋನಿಯದ ಮಾರ್ಟಿನ್ ಕ್ಲೈನ್, ಫಿನ್ಲೆಂಡಿನ ಅಸಿಕೈನೆನ್‌ನೊಡನೆ 11 ಗಂಟೆ 40 ನಿಮಿಷ ಸೆಣಸಿ ಗೆದ್ದ. ಬಳಲಿದ ಮೈ ಅಂತಿಮ ಪಂದ್ಯಕ್ಕೆ ಏಳಲಿಲ್ಲ. ಚಿನ್ನ ಸ್ವೀಡನ್ನಿನ ಯೋಹಾನ್ಸನ್‌ಗೆ ಸಂದಿತು. ಪದಕ ಅವನದೇ, ಸಂದೇಹವಿಲ್ಲ. ಆದರೂ ಇಂದಿಗೂ ಜನ ನೆನೆಯುವುದು ಕ್ಲೈನನನ್ನು.

ಪೆಟ್ಟುಬಿದ್ದವನ ವಿಷಯ ಇನ್ನೂ ಗಂಭೀರವಾದುದು. ತೀರ್ಥಹಳ್ಳಿಯ ಹುಡುಗನೊಬ್ಬನ ಭುಜ ಪಂದ್ಯದ ನಡುವೆ ಉಳುಕಿತೆನ್ನಿ. ಸಾಗರದವನಿಗೆ ಬಿಟ್ಟುಕೊಡುವುದು ಶಾಲೆಗೇ ಅವಮಾನವೆಂದು ಸುತ್ತ ನಿಂತವರು ಕೂಗಿಯಾರು. ಹದಿನೈದರ ಹುಡುಗ ತಾನಾಗಿ 'ಸಾಕು' ಎನ್ನಲಾರ. ಆ ವಯಸ್ಸಿನಲ್ಲಿ ನೋವಿಗಿಂತ ನಾಚಿಕೆಯೇ ದೊಡ್ಡದು. ಆ ಮಾತನ್ನು ಅವನ ಪರವಾಗಿ ಮೇಷ್ಟರು ಆಡಬೇಕು. ನಾಳೆಯೂ ಆ ತೋಳು ಅವನಿಗೆ ಬೇಕು ಎಂಬುದಕ್ಕಾಗಿಯೇ ನಿಯಮ ಬಿಟ್ಟುಕೊಡಲು ಒಂದು ಬಾಗಿಲನ್ನು ತೆರೆದಿಟ್ಟಿದೆ. ಆ ಬಾಗಿಲಿಗೆ ಮಾನದ ಹೆಸರಿನಲ್ಲಿ ಅಗುಳಿ ಹಾಕುವವರು ದೊಡ್ಡವರಾದ ನಾವು.

ಹಿಡಿಯದೆ ಗೆದ್ದ ಹುಡುಗನಿಗೂ ಕಲಿಸಬೇಕಾದುದೊಂದುಂಟು. ತೀರ್ಪುಗಾರ ಕೈ ಎತ್ತಿ ಹಿಡಿದಾಗ ಅವನು ಸಂಕೋಚಪಡಬೇಕಾಗಿಲ್ಲ. ಹೊತ್ತಿಗೆ ಸರಿಯಾಗಿ ಬಂದು ನಿಂತಿದ್ದನಲ್ಲ, ಅದು ಅವನ ಹಕ್ಕು. ಆದರೆ ಊರಿಗೆ ಮರಳಿ 'ಅವನನ್ನು ಸೋಲಿಸಿದೆ' ಎನ್ನದೆ, 'ಅವನು ಬರಲಿಲ್ಲ' ಎಂದು ಹೇಳಲಿ. ಬಾರದವನಿಗೆ ನಿಯಮ ಕೊಡಲಾರದ ನ್ಯಾಯವನ್ನು ಅಷ್ಟು ಮಾತು ಕೊಟ್ಟೀತು.