ಇಂದಿನ ಧಮ್ಮಚಿಂತನೆ: ತೊಟ್ಟಿಕ್ಕುವ ನಳ



ಮನೆಯ ನಳ ಸೋರತೊಡಗಿದರೆ "ನಳ ಕೆಟ್ಟೈತಿ" ಅಂತೀವಿ. ಕನ್ನಡ ಕಲಿಸುವ ನನಗೆ ಈ ಮಾತಿನ ಬಗ್ಗೆ ಸ್ವಲ್ಪ ತಕರಾರಿದೆ. ಕೆಟ್ಟಿರುವುದು ಇಡೀ ನಳವಲ್ಲ, ಬಹಳ ಸಲ ಅದರೊಳಗಿನ ರಬ್ಬರಿನ ಒಂದು ಸಣ್ಣ ವಾಷರ್ ಮಾತ್ರ. ವಾಷರ್ ಸವೆದರೆ ಸಂದಿ ಬೀಳುತ್ತದೆ, ಆ ಸಂದಿಯಿಂದ ನೀರು ಹನಿಯುತ್ತದೆ.

ಆಗ ನಾವು ಮಾಡುವುದೇನು? ಇನ್ನೂ ಬಿಗಿಯಾಗಿ ತಿರುಗಿಸುತ್ತೇವೆ. ಹನಿ ನಿಂತಂತೆ ಕಾಣುತ್ತದೆ. ಆದರೆ ಆ ಒತ್ತಡಕ್ಕೆ ವಾಷರ್ ಮತ್ತಷ್ಟು ಸವೆದು ಹನಿ ಮತ್ತೆ ಶುರುವಾಗುತ್ತದೆ. ಸಿಟ್ಟು, ಕುಡಿತ, ಸಾಲದ ಚಟ ಇವುಗಳನ್ನೂ ನಾವು ಹೀಗೆಯೇ ಹಲ್ಲು ಕಚ್ಚಿ ಬಿಗಿ ಮಾಡುತ್ತೇವೆ, ಒಳಗೆ ಬಿಚ್ಚಿ ನೋಡುವುದಿಲ್ಲ. ಕಾರಣ ಇದ್ದರೆ ಕಾರ್ಯ, ಕಾರಣ ಅಳಿದರೆ ಕಾರ್ಯವೂ ಅಳಿಯುತ್ತದೆ. ಭಗವಾನ್ ಬುದ್ಧರು ತೋರಿದ ಪಟಿಚ್ಚಸಮುಪ್ಪಾದದ ತಿರುಳು ಇದು. ಇದರಲ್ಲಿ ಹಣೆಬರಹಕ್ಕೆ ಜಾಗವಿಲ್ಲ. ಮುಖ್ಯ ವಾಲ್ವ್ ಬಂದ್ ಮಾಡಿ, ಪಾನಾದಿಂದ ನಳ ಬಿಚ್ಚಿ, ಹಳೆಯ ವಾಷರ್ ತೆಗೆದು ಅದೇ ಅಳತೆಯ ಹೊಸದನ್ನು ಹಾಕಿದರೆ ಕೆಲಸ ಮುಗಿಯಿತು.

"ನನ್ನ ಮನೆ, ನನ್ನ ನಳ, ಬಿಲ್ಲು ನಾನೇ ಕಟ್ಟತೀನಿ. ಸೋರಿದರೆ ಯಾರಿಗೇನು?" ಎಂದು ಕೆಲವರು ಕೇಳುತ್ತಾರೆ. ಲೆಕ್ಕ ಹಾಕೋಣ. ಸೆಕೆಂಡಿಗೆ ಒಂದು ಹನಿಯಂತೆ ದಿನಕ್ಕೆ 86,400 ಹನಿ. 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ನಾಲ್ಕು ಲೀಟರಿಗಿಂತ ಹೆಚ್ಚು. ಜಲಜೀವನ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಗೊತ್ತು ಮಾಡಿದ ನೀರು 55 ಲೀಟರ್. ಪೈಪಿನಲ್ಲಿ ಮುಂದಿನವರು ಚೆಲ್ಲಿದಷ್ಟೂ ಕೊನೆಯ ಮನೆಗೆ ಕಡಿಮೆ. ಕೊನೆಯ ಮನೆ ಯಾರದು? ಎಷ್ಟೋ ಊರುಗಳಲ್ಲಿ ಅದು ನಮ್ಮ ಕೇರಿಯದೇ. ತರಗತಿಗೆ ತಡವಾಗಿ ಬರುವ ಹುಡುಗಿಯನ್ನು ಕೇಳಿದರೆ "ಸರ್, ನಮ್ಮನಿಗೆ ನೀರ ಈಗ ಬಂದ್ವುರಿ" ಅನ್ನುತ್ತಾಳೆ. ಹಾಜರಿ ಪುಸ್ತಕದಲ್ಲಿ ಕಾಣುವುದು ಅವಳ ತಡ ಮಾತ್ರ, ನೀರಿನ ತಡ ಅಲ್ಲಿ ಕಾಣುವುದಿಲ್ಲ. ಇಲ್ಲಿಯೂ ಕಾರಣ ನೋಡದೆ ಹುಡುಗಿಯನ್ನೇ ಕೆಟ್ಟವಳೆನ್ನುವುದು ಸುಲಭ.

ನೀರು ಎಲ್ಲರದು ಎಂಬ ಮಾತನ್ನು ನಮ್ಮ ಹಿರಿಯರು ಪುಕ್ಕಟೆ ಪಡೆಯಲಿಲ್ಲ. ಸಾರ್ವಜನಿಕ ಕೆರೆ, ಬಾವಿಗಳನ್ನು ಅಸ್ಪೃಶ್ಯರೂ ಬಳಸಬಹುದೆಂಬ ಬೋಳೆ ಅವರ ಠರಾವು ಮುಂಬೈ ವಿಧಾನ ಪರಿಷತ್ತಿನಲ್ಲಿ 1923ರಲ್ಲಿಯೇ ಪಾಸಾಗಿತ್ತು. ನಮ್ಮ ವಿಜಯಪುರ ಜಿಲ್ಲೆಯೂ ಆಗ ಮುಂಬೈ ಪ್ರಾಂತದಲ್ಲಿಯೇ ಇತ್ತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಿ ಮಹಾಡದ ಚವದಾರ ಕೆರೆಯ ನೀರು ಮುಟ್ಟಬೇಕಾಯಿತು. ಹೈಕೋರ್ಟಿನ ತೀರ್ಪು ಬಂದದ್ದು 1937ರಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷ! ಕೆರೆಯಲ್ಲಿದ್ದಾಗ ಎಲ್ಲರದಾದ ನೀರು ನಮ್ಮ ನಳಕ್ಕೆ ಬಂದ ಕೂಡಲೇ ನಮ್ಮೊಬ್ಬರದಾಗುತ್ತದೆಯೇ? ಹಾಗೆಂದರೆ, ಅಂದು ಕೆರೆ ತಮ್ಮದೊಬ್ಬರದೇ ಎಂದವರ ಮಾತನ್ನೇ ನಾವೂ ಆಡಿದಂತೆ. ಹಕ್ಕು ಬರುವುದು ಹೋರಾಟದಿಂದ, ಅದು ಉಳಿಯುವುದು ದಿನದಿನದ ಎಚ್ಚರದಿಂದ. ಆ ಎಚ್ಚರಕ್ಕೇ ಪಾಲಿಯಲ್ಲಿ ಅಪ್ಪಮಾದ ಎಂದು ಹೆಸರು.

ಹನಿಹನಿಯಾಗಿ ತುಂಬುವ ಕೊಡದ ಹೋಲಿಕೆ ಧಮ್ಮಪದದಲ್ಲಿದೆ. ಅಲ್ಲಿ ಅದನ್ನು ಕೆಡುಕಿಗೂ ಹೇಳಿದೆ, ಒಳಿತಿಗೂ ಹೇಳಿದೆ. ಯಾವ ಕೊಡ ತುಂಬಬೇಕು ಎಂಬುದು ನಮ್ಮ ಕೈಯಲ್ಲಿದೆ.

ಇಂದಿನ ಅಭ್ಯಾಸ: ರಾತ್ರಿ ಮಲಗುವ ಮುಂಚೆ ಮನೆಯ ಪ್ರತಿ ನಳದ ಕೆಳಗೆ ಒಂದು ಪಾತ್ರೆ ಇಡಿ. ಬೆಳಿಗ್ಗೆ ಅದರಲ್ಲಿ ನೀರಿದ್ದರೆ ಗಿಡಕ್ಕೆ ಹಾಕಿ, ನಳ ಬಿಚ್ಚಿ. ಮಕ್ಕಳನ್ನೂ, ಹೆಣ್ಣುಮಕ್ಕಳನ್ನೂ ಪಕ್ಕದಲ್ಲಿ ಕೂಡಿಸಿಕೊಂಡು ಪಾನಾ ಅವರ ಕೈಗೇ ಕೊಡಿ.

ಭವತು ಸಬ್ಬ ಮಂಗಲಂ.

– ಇಂಗಳೇಶ್ವರ, ತಾ. ಬಸವನ ಬಾಗೇವಾಡಿ