ಯಾರ ಕಣ್ಣಿಗೆ ಕಂಡರೆ ಸಾಕು?

ಹೋದ ವರ್ಷ ಮಳೆಗಾಲದಲ್ಲಿ ಅಪ್ಪಯ್ಯ ಅಡಿಕೆ ಗರಿಯ ಫೋಟೋ ಕಳಿಸಿ, ಸಂಜೆ ಫೋನ್ ಮಾಡಿದರು. "ಎಲೆಚುಕ್ಕಿ ಬಂತೋ ಏನೋ ಮಾರಾಯ, ದೊಡ್ಡದು ಮಾಡಿ ಸರಿಯಾಗಿ ನೋಡು." ನೋಡಿದೆ. ಹಸಿರು, ನುಣ್ಣಗೆ. "ಏನೂ ಇಲ್ಲ ಅಪ್ಪಯ್ಯ, ಸುಮ್ನೆ ತಲೆ ಕೆಡಿಸ್ಕೋಬೇಡ" ಅಂದೆ. ಬೆಂಗಳೂರಿನಲ್ಲಿ ಫೋಟೋಗಳ ಮೇಲೇ ಕೆಲಸ ಮಾಡೋ ಮಗ ಹೇಳಿದ್ದಾನೆ ಅಂತ ಅವರೂ ಮೂರು ವಾರ ಸುಮ್ಮನಿದ್ದರು. ಆಮೇಲೆ ಊರಿಗೆ ಹೋದಾಗ ಮೇಲಿನ ತೋಟದ ಕೆಳಗರಿಗಳೆಲ್ಲ ಬೆಂಕಿ ತಾಗಿದ ಹಾಗಿದ್ದವು.

ನನ್ನ ಕೆಲಸ ಚಿತ್ರಗಳನ್ನು ಕುಗ್ಗಿಸೋದು. ನೋಡುವವರಿಗೆ ಗೊತ್ತಾಗದಂತೆ ಎಷ್ಟು ಎಸೆಯಬಹುದೋ ಅಷ್ಟು ಎಸೆಯಬೇಕು. ಮೊದಲೆಲ್ಲ ಇದನ್ನು ಅಳೆಯುತ್ತಿದ್ದದ್ದು ಸರಳ ಲೆಕ್ಕದಲ್ಲಿ: ಅಸಲಿಗೂ ನಕಲಿಗೂ ಪಿಕ್ಸೆಲ್ ಪಿಕ್ಸೆಲ್ ವ್ಯತ್ಯಾಸ ತೆಗೆದು, ವರ್ಗ ಮಾಡಿ, ಸರಾಸರಿ. ಈ ಲೆಕ್ಕಕ್ಕೆ ಕಣ್ಣಿಲ್ಲ. ಝೌ ವಾಂಗ್ ಮತ್ತು ಅಲನ್ ಬೋವಿಕ್ 2009ರ ಲೇಖನವೊಂದರಲ್ಲಿ ಐನ್‌ಸ್ಟೀನ್ ಚಿತ್ರವನ್ನು ಬೇರೆ ಬೇರೆ ರೀತಿ ಕೆಡಿಸಿ ತೋರಿಸಿದ್ದಾರೆ. ಒಂದರಲ್ಲಿ ಬೆಳಕು ಸ್ವಲ್ಪ ಹೆಚ್ಚು, ಇನ್ನೊಂದು ಪೂರ್ತಿ ಮಸುಕು. ಲೆಕ್ಕದ ಪ್ರಕಾರ ಎರಡೂ ಹೆಚ್ಚುಕಮ್ಮಿ ಒಂದೇ! ಅದಕ್ಕೇ ಅವರೂ ಸಂಗಡಿಗರೂ 2004ರಲ್ಲಿ ಎಸ್‌ಎಸ್‌ಐಎಂ ಅನ್ನೋ ಅಳತೆ ಕೊಟ್ಟಿದ್ದರು. ಬೆಳಕು, ಕಾಂಟ್ರಾಸ್ಟ್, ರಚನೆ ಮೂರನ್ನೂ ಚಿಕ್ಕ ಚಿಕ್ಕ ಕಿಟಕಿಗಳಲ್ಲಿ ಹೋಲಿಸಿ ಕೊನೆಗೆ ಸರಾಸರಿ ತೆಗೆಯುತ್ತದೆ. 1 ಬಂದರೆ ಎರಡೂ ಒಂದೇ.

ಅಪ್ಪಯ್ಯನ ಫೋನಿನಲ್ಲಿದ್ದ ಅಸಲಿಯನ್ನೂ ನನಗೆ ಬಂದದ್ದನ್ನೂ ಒಂದೇ ಅಳತೆಗೆ ತಂದು ಲೆಕ್ಕ ಹಾಕಿದೆ. 0.97. ಆಫೀಸಲ್ಲಾಗಿದ್ದರೆ ಬೆನ್ನು ತಟ್ಟುತ್ತಿದ್ದರು. ಕಂದು ಚುಕ್ಕಿ, ಸುತ್ತ ಹಳದಿ ಉಂಗುರ, ಎಲ್ಲ ಸೇರಿ ನಾಲ್ಕಾರು ಪಿಕ್ಸೆಲ್. ಮನುಷ್ಯನ ಕಣ್ಣಿಗೆ ಬೆಳಕಿನಷ್ಟು ಚೆನ್ನಾಗಿ ಬಣ್ಣದ ಸೂಕ್ಷ್ಮ ಕಾಣಲ್ಲ ಅಂತ ಜೆಪೆಗ್ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣ ಇಟ್ಟುಕೊಳ್ಳುತ್ತದೆ. ಹಳದಿ ಹಸಿರಲ್ಲಿ ಕರಗಿತ್ತು. ಅಷ್ಟು ದೊಡ್ಡ ಗರಿಯ ಸರಾಸರಿಯಲ್ಲಿ ಆ ಚುಕ್ಕಿ ಎಷ್ಟರದ್ದು? ಆದರೆ ಫೋಟೋ ತೆಗೆದದ್ದೇ ಚುಕ್ಕಿಗೋಸ್ಕರ.

'ಮನುಷ್ಯನ ಕಣ್ಣಿಗೆ ಹೊಂದುವ ಅಳತೆ' ಅನ್ನುತ್ತೇವಲ್ಲ, ಯಾವ ಮನುಷ್ಯ? ಇಂಥ ಅಳತೆಗಳನ್ನು ಒರೆಗೆ ಹಚ್ಚೋದು ಜನ ಕೊಟ್ಟ ಅಂಕಗಳ ಸರಾಸರಿಯ ಮೇಲೆ. ಜನರನ್ನು ಕೂರಿಸಿ, ಚಿತ್ರ ತೋರಿಸಿ, 1ರಿಂದ 5ರೊಳಗೆ ಅಂಕ ಹಾಕಿಸುತ್ತಾರೆ. ಟಿವಿ ಚಿತ್ರಗಳ ಪರೀಕ್ಷೆಗೆ ಅಂತರರಾಷ್ಟ್ರೀಯ ಶಿಫಾರಸೇ ಇದೆ, ಬಿಟಿ.500 ಅಂತ. ದೃಷ್ಟಿ ಸರಿಯಿದೆಯಾ, ಬಣ್ಣ ಕಾಣುತ್ತಾ ಅಂತ ಮೊದಲೇ ಪರೀಕ್ಷಿಸಬೇಕು. ಉಳಿದವರಿಗಿಂತ ತೀರಾ ಬೇರೆ ಥರ ಅಂಕ ಕೊಟ್ಟವರನ್ನು ಲೆಕ್ಕದಿಂದ ತೆಗೆಯಲೂ ದಾರಿಯಿದೆ. ತಪ್ಪು ಅನ್ನಲಾರೆ, ಇಲ್ಲದಿದ್ದರೆ ಅಂಕಿಗೆ ಅರ್ಥವಿರಲ್ಲ. ಆದರೆ ಕಣ್ಣಿನ ಪೊರೆ ತೆಗೆಸಿಕೊಂಡ ಅಪ್ಪಯ್ಯ ಬಹುಶಃ ಆ ಕುರ್ಚಿಯಲ್ಲಿ ಕೂರುವ ಹಾಗಿಲ್ಲ. ಕೂತರೂ, "ಇದ್ರಲ್ಲಿ ಚುಕ್ಕಿ ಎಲ್ಲಿ?" ಅಂತ 1 ಅಂಕ ಕೊಟ್ಟು ಹೊರಬೀಳುತ್ತಿದ್ದರೇನೋ.

ಕುಗ್ಗಿಸೋದೇ ಪಾಪ ಅಂತಲೂ ಹೇಳಲಾರೆ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗೋದು ಕೊಟ್ಟಿಗೆ ಹಿಂದಿನ ದಿಬ್ಬದ ಮೇಲೆ, ಅದೂ ಒಂದೇ ಕಡ್ಡಿ. ಕುಗ್ಗಿಸದೇ ಇದ್ದಿದ್ದರೆ ಫೋಟೋ ಬರುತ್ತಲೇ ಇರಲಿಲ್ಲ. ಬರದೇ ಇದ್ದಿದ್ದರೆ "ಏನೂ ಇಲ್ಲ" ಅಂತ ನಾನೂ ಹೇಳುತ್ತಿರಲಿಲ್ಲ, ಅದು ಬೇರೆ ಮಾತು!

ನನ್ನನ್ನು ಇನ್ನೂ ಕೊರೆಯೋದು ಇಷ್ಟು. ಎಸ್‌ಎಸ್‌ಐಎಂಗೆ ಕೂಡ ಅಸಲಿ ಪಕ್ಕದಲ್ಲಿರಬೇಕು, ಇಲ್ಲದಿದ್ದರೆ ಅದು ಬಾಯೇ ಬಿಡಲ್ಲ. ಅವತ್ತು ಅಸಲಿ ಇದ್ದದ್ದು ಅಪ್ಪಯ್ಯನ ಕೈಯಲ್ಲಿ. ನಾನು ಅಸಲಿ ನೋಡದೇ ಮಾತಾಡಿದೆ, ಅವರು ನೋಡಿಯೂ ನನ್ನ ಮಾತು ಕೇಳಿದರು.

ಈಗಲೂ ಗರಿಯ ಫೋಟೋ ಬರುತ್ತದೆ. ಡಾಕ್ಯುಮೆಂಟ್ ಮಾಡಿ ಕಳಿಸೋದು ಹೇಳಿಕೊಟ್ಟಿದ್ದೇನೆ, ಚುಕ್ಕಿ ಸ್ಪಷ್ಟ ಕಾಣುತ್ತದೆ. ಕಳಿಸೋದು ಮಾತ್ರ ಔಷಧಿ ಹೊಡೆದಾದ ಮೇಲೆ.